ಹೀಟ್ ಎಕ್ಸ್‌ಚೇಂಜರ್ ಬದಲಿಸಬೇಕಾ, ಡಕ್ಟ್ ಬದಲಿಸಬೇಕಾ? ವಿಮಾನದ ಎಸಿ ಪ್ಯಾಕ್‌ನಲ್ಲಿ ಒತ್ತಡ ನಷ್ಟ

ಕೊನೇಬೆಂಚು_ಏರೋ
ನಮಸ್ಕಾರ. ಏರೋನಾಟಿಕಲ್ ಕೊನೇ ವರ್ಷ ನಾನು. ವಿಮಾನದ ಎಸಿ ಪ್ಯಾಕ್‌ಗೆ (ಕ್ಯಾಬಿನ್ ಗಾಳಿ ತಣ್ಣಗೆ ಮಾಡೋ ಘಟಕ) ಹೊರಗಾಳಿ ನುಗ್ಗಿ, ಹೀಟ್ ಎಕ್ಸ್‌ಚೇಂಜರ್ ತಣ್ಣಗೆ ಮಾಡಿ ಹೊರಗೆ ಹೋಗುತ್ತಲ್ಲ, ಆ ರ‍್ಯಾಮ್ ಗಾಳಿ ದಾರಿಯ ಸಣ್ಣ ರಿಗ್ (ಪರೀಕ್ಷಾ ಮಾದರಿ) ನಮ್ಮ ಪ್ರಾಜೆಕ್ಟ್. ಬ್ಲೋವರ್, 75 ಎಂಎಂ ಪೈಪು ಸುಮಾರು 3 ಮೀಟರ್, ಎರಡು 90 ಡಿಗ್ರಿ ಬೆಂಡ್, ಆಮೇಲೆ 200×150 ಎಂಎಂ ಹೆಡರ್ (ಗಾಳಿ ಹಂಚೋ ಡಬ್ಬಿ), ಅದರೊಳಗೆ ಟರ್ಬೊ ಕಾರಿನಿಂದ ಕಿತ್ತ ಪ್ಲೇಟ್-ಫಿನ್ ಇಂಟರ್‌ಕೂಲರ್, ಆ ಕಡೆ ಮತ್ತೆ 75ರ ಪೈಪು. ಪೈಪಿನಲ್ಲಿ ಗಾಳಿ ವೇಗ ಸೆಕೆಂಡಿಗೆ 30 ಮೀಟರ್ ಹತ್ತಿರ.

ಒಟ್ಟು ನಷ್ಟ 2800 ಪ್ಯಾಸ್ಕಲ್. ಕೋರ್‌ನ, ಅಂದರೆ ಇಂಟರ್‌ಕೂಲರ್‌ನ ಫಿನ್ ಇರೋ ಭಾಗದ, ಹಿಂದೆ ಮುಂದೆ ಅಳೆದರೆ 600. ಗೈಡ್ ಹೇಳೋದು, "ಫಿನ್ ತುಂಬಾ ದಟ್ಟ ಇದೆ, ಕಡಿಮೆ ಫಿನ್ ಇರೋ ಕೋರ್ ಹಾಕಿ" ಅಂತ. ಹೊಸ ಕೋರ್‌ಗೆ ದುಡ್ಡು ನಾವೇ ಹಾಕಬೇಕು, ಅದಕ್ಕೇ ಮೊದಲು ಇಲ್ಲಿ ಕೇಳ್ತಿದೀನಿ. ನಿಜವಾದ ವಿಮಾನದಲ್ಲಿ ಈ ನಷ್ಟ ಹೇಗೆ ಇಳಿಸ್ತಾರೆ?

ಕಾಫಿಪುಡಿ
2800ರಲ್ಲಿ ಕೋರ್‌ನದು 600. ಮಿಕ್ಕ 2200 ಯಾರ ಮನೆಗೆ ಹೋಯ್ತು ಅಂತ ಗೈಡ್ ಕೇಳಲೇ ಇಲ್ವಾ?

ಹುಬ್ಬಳ್ಳಿ_ಫಿಟ್ಟರ್
ಅಲ್ಲೋ ತಮ್ಮಾ, ಆ ಬೆಂಡ್ ಹೆಂಗ ಮಾಡೀರಿ? ಎರಡು ಪೈಪ್ 45ಕ್ಕ ಕೊಯ್ದು ಜೋಡಿಸಿ ವೆಲ್ಡ್ ಹೊಡದೀರೇನು?

ಕೊನೇಬೆಂಚು_ಏರೋ
ಹೌದು ಅಣ್ಣ, ವರ್ಕ್‌ಶಾಪ್‌ನಲ್ಲಿ ಹಾಗೇ ಮಾಡಿಕೊಟ್ಟರು. ಹೆಡರ್ ಕೂಡ ನೇರ ಡಬ್ಬಿ, ಪೈಪು ಸೀದಾ ಅದರ ಗೋಡೆಗೆ ಕೂತಿದೆ.

ಹುಬ್ಬಳ್ಳಿ_ಫಿಟ್ಟರ್
ಹಂಗಾದ್ರ ಕಳ್ಳ ಸಿಕ್ಕ ಬಿಡು. ನಾವು ಆಸ್ಪತ್ರಿ, ಮಾಲ್‌ಗೆ ಎಸಿ ಡಕ್ಟ್ ಮಾಡೋರು. ಆ ಮೂಲಿ ಬೆಂಡ್ ಒಳಗ ಗಾಳಿ ಒಳಮೂಲಿಗೆ ಅಂಟಿಕೊಂಡು ತಿರಗೂದಿಲ್ಲ, ಬಿಟ್ಟು ಹಾರ್ತದ, ಹಿಂದ ಸುಳಿ ಏಳ್ತದ. ಒಂದೊಂದು ಬೆಂಡಿಗೆ ವೇಗದ ಒತ್ತಡದ 1.1, 1.2 ಪಟ್ಟು ಹೋಗ್ತದ. ಒಳಗ ಟರ್ನಿಂಗ್ ವೇನ್ (ಗಾಳಿ ತಿರುಗಸೋ ಬಾಗಿದ ತಗಡು) ಹಾಕ್ರಿ, ಇಲ್ಲಾ ವ್ಯಾಸದ ಒಂದೂವರಿ ಪಟ್ಟು ತ್ರಿಜ್ಯದ ನುಣ್ಣಗಿನ ಬೆಂಡ್ ಹಾಕ್ರಿ. ಕಾಲು ಪಟ್ಟಿಗೆ ಇಳೀತದ. ವಿಮಾನ ಆದ್ರೂ ಗಾಳಿ ಗಾಳೀನ.

ಹಳೇಬ್ಲೋವರ್
ಫಿಟ್ಟರ್ ಅವರ ಮಾತನ್ನು ಲೆಕ್ಕದಲ್ಲಿ ನೋಡೋಣ. ವೇಗದ ಒತ್ತಡ ಅಂದರೆ ಸಾಂದ್ರತೆ ಗುಣಿಸು ವೇಗದ ವರ್ಗ, ಅದರ ಅರ್ಧ. ಸಾಂದ್ರತೆ 1.15, ವೇಗ 30 ಇಟ್ಟರೆ 500 ಪ್ಯಾಸ್ಕಲ್ ಚಿಲ್ಲರೆ.

ಎರಡು ಮೂಲೆ ಬೆಂಡ್: 1200. ಪೈಪಿನಿಂದ ಹೆಡರ್‌ಗೆ ದಿಢೀರ್ ಹಿಗ್ಗುವಿಕೆ: ಒಂದರಿಂದ ವಿಸ್ತೀರ್ಣದ ಅನುಪಾತ ಕಳೆದು ವರ್ಗ ಮಾಡಿದರೆ 0.73 ಬರುತ್ತೆ, ಅಂದರೆ 360 ಆಸುಪಾಸು. ಆ ಕಡೆ ಮತ್ತೆ ಪೈಪಿಗೆ ಕುಗ್ಗುವಾಗ 200 ಚಿಲ್ಲರೆ. 3 ಮೀಟರ್ ಪೈಪಿನ ಉಜ್ಜುವಿಕೆ 400. ಕೂಡಿಸಿದರೆ ಸುಮಾರು 2200. ನಿಮ್ಮ ಕೋರ್‌ನ 600 ಸೇರಿಸಿದರೆ 2800. ನಿಮ್ಮ ಅಳತೆ ಸರಿ ಇದೆ ಅಂತಲೂ ಇದರಿಂದಲೇ ಗೊತ್ತಾಯ್ತು, ಭೇಷ್.

ಬೆಂಡ್ ಎರಡನ್ನೂ ಬದಲಿಸಿದರೆ 900ಕ್ಕಿಂತ ಹೆಚ್ಚು ಉಳಿಯುತ್ತೆ. ಇಡೀ ಕೋರ್ ಕಿತ್ತು ಬಿಸಾಡಿದರೂ ಅಷ್ಟು ಉಳಿಯಲ್ಲ.

ಕಾಫಿಪುಡಿ
ಗೈಡ್‌ಗೆ ಇದನ್ನ ಹೇಳೋದು ಯಾರು, ಅದು ಹೇಳಿ ಮೊದಲು.

ಸಿಎಫ್‌ಡಿ_ಶಾರದೆ
ಫಿನ್ ಕಡಿಮೆ ಮಾಡೋದರಿಂದ ಉಪಯೋಗ ಇಲ್ಲ ಅನ್ನೋದಷ್ಟೇ ಅಲ್ಲ, ಹಾನಿಯೇ ಜಾಸ್ತಿ. ಯಾಕೆ ಅಂತ ಹೇಳ್ತೀನಿ.

ಪೈಪಿನಿಂದ ಹೆಡರ್‌ಗೆ ಗಾಳಿ ಬಾಣದ ಹಾಗೆ ನುಗ್ಗುತ್ತೆ. ಅದರ ವೇಗದ ಒತ್ತಡ 500. ಎದುರಿಗಿರೋ ಕೋರ್ ಒಡ್ಡೋ ಅಡ್ಡಿ 600. ಎರಡೂ ಹೆಚ್ಚುಕಮ್ಮಿ ಒಂದೇ. ಅಂಥ ಕಡೆ ನುಗ್ಗಿದ ಗಾಳಿಗೆ ಪಕ್ಕಕ್ಕೆ ಹರಡೋಕೆ ಕಾರಣವೇ ಇರಲ್ಲ, ನಡುವಿನ ಫಿನ್‌ಗಳಲ್ಲೇ ತೂರಿ ಹೋಗುತ್ತೆ. ಮದುವೆ ಊಟದಲ್ಲಿ ಬಡಿಸೋರು ಮೊದಲ ಪಂಕ್ತಿಗೇ ಎಲ್ಲ ಸುರಿದು ಕೊನೇ ಪಂಕ್ತಿಗೆ ಖಾಲಿ ಬಕೆಟ್ ತಂದ ಹಾಗೆ. ಮೂಲೆಯ ಫಿನ್‌ಗಳು ಸುಮ್ಮನೆ ತೂಕ.

ಕೋರ್‌ನ ಅಡ್ಡಿ ನುಗ್ಗುವ ಗಾಳಿಯ ವೇಗದ ಒತ್ತಡಕ್ಕಿಂತ ಕೆಲವು ಪಟ್ಟು ದೊಡ್ಡದಿದ್ದರೆ ಹಂಚಿಕೆ ತಾನಾಗೇ ಸರಿಹೋಗುತ್ತೆ. ಈಗ ನೀವು ಫಿನ್ ವಿರಳ ಮಾಡಿ 600 ಅನ್ನು 300ಕ್ಕೆ ಇಳಿಸಿದಿರಿ ಅನ್ನಿ. ಗಾಳಿ ಇನ್ನೂ ನಡುವಿಗೇ ಸೇರುತ್ತೆ, ಶಾಖ ವರ್ಗಾವಣೆ ಎರಡು ಕಡೆಯಿಂದ ಬೀಳುತ್ತೆ: ಫಿನ್ ಕಡಿಮೆ, ಇರೋ ಫಿನ್‌ಗೂ ಗಾಳಿ ಇಲ್ಲ.

ಕೊನೇಬೆಂಚು_ಏರೋ
ಅಯ್ಯೋ, ಇದು ತಲೆಗೇ ಬಂದಿರಲಿಲ್ಲ ಮೇಡಂ. ಹಾಗಾದರೆ ಹೆಡರ್‌ಗೆ ಮೊದಲು ಡಿಫ್ಯೂಸರ್ (ನಿಧಾನಕ್ಕೆ ಅಗಲವಾಗೋ ಪೈಪು) ಹಾಕಿದರೆ?

ಹಳೇಬ್ಲೋವರ್
ಹಾಕಿ, ಆದರೆ ಮೇಜಿನ ಉದ್ದ ನೋಡಿಕೊಂಡು ಹಾಕಿ. ಗೋಡೆ ಬಿಟ್ಟು ಗಾಳಿ ಸಿಡಿಯಬಾರದು ಅಂದರೆ ಶಂಕುವಿನ ಪೂರ್ತಿ ಕೋನ 6ರಿಂದ 8 ಡಿಗ್ರಿ ಒಳಗಿರಬೇಕು. ನಿಮ್ಮ ಹೆಡರ್‌ನ ವಿಸ್ತೀರ್ಣ 195 ಎಂಎಂ ವ್ಯಾಸದ ಪೈಪಿಗೆ ಸಮ. 75ರಿಂದ 195ಕ್ಕೆ 7 ಡಿಗ್ರಿಯಲ್ಲಿ ಹೋಗೋಕೆ ಹತ್ತಿರ ಹತ್ತಿರ 1 ಮೀಟರ್ ಬೇಕು. ವಿಮಾನದಲ್ಲಿ ಯಾರೂ ನಿಮಗೆ 1 ಮೀಟರ್ ಕೊಡಲ್ಲ. ರೆಕ್ಕೆಬುಡದ ಹೊಟ್ಟೆ ಫೇರಿಂಗ್ (ಹೊರಗಿನ ನುಣುಪು ಹೊದಿಕೆ) ಒಳಗೆ ಪ್ಯಾಕ್, ಕವಾಟ, ವೈರಿಂಗ್ ಎಲ್ಲಾ ಒಟ್ಟಿಗೆ ತುರುಕಿರ್ತಾರೆ.

ಚಿಕ್ಕ ಜಾಗದಲ್ಲಿ ಅಗಲ ಕೋನ ಇಟ್ಟು ಒಳಗೆ ಸೀಳುಗೋಡೆ ಅಥವಾ ಜಾಲರಿ ಹಾಕೋದು ಹಳೇ ಉಪಾಯ. ಗಾಳಿ ಸುರಂಗಗಳಲ್ಲಿ ಮಾಡ್ತಾ ಬಂದಿದ್ದೇ ಅದು. ಜಾಲರಿ ತಾನೂ ಒಂದಿಷ್ಟು ಒತ್ತಡ ತಿನ್ನುತ್ತೆ, ಆದರೆ ಹಂಚಿಕೆ ಸಮ ಮಾಡಿಕೊಡುತ್ತೆ. ತಿಂದಿದ್ದಕ್ಕೆ ಕೆಲಸ ಮಾಡುತ್ತೆ ಅನ್ನೋ ನಷ್ಟ ಬೇರೆ, ಮೂಲೆ ಬೆಂಡಿನ ಥರ ದಂಡದ ನಷ್ಟ ಬೇರೆ.

ಹುಬ್ಬಳ್ಳಿ_ಫಿಟ್ಟರ್
ಇಷ್ಟೆಲ್ಲಾ ಯಾಕ್ರೀ? 75 ತಗದು 100ರ ಪೈಪ್ ಹಾಕ್ರಿ. ಮುಗೀತು.

ಸಿಎಫ್‌ಡಿ_ಶಾರದೆ
ರಿಗ್‌ಗೆ ಇದೇ ಸರಿಯಾದ ಉತ್ತರ, ನಿಜ. 75 ಭಾಗಿಸು 100, ಅದರ ನಾಲ್ಕನೇ ಘಾತ 0.32. ವೇಗದ ಒತ್ತಡ 500ರಿಂದ 160ಕ್ಕೆ ಬಂತು. ಬೆಂಡ್, ಹಿಗ್ಗುವಿಕೆ, ಕುಗ್ಗುವಿಕೆ ಎಲ್ಲವೂ ಮೂರನೇ ಒಂದಕ್ಕೆ ಇಳೀತು. ಕೋರ್ ಮುಟ್ಟದೇನೇ ಅದರ ಅಡ್ಡಿ ನುಗ್ಗುವ ಗಾಳಿಯ ಸುಮಾರು 4 ಪಟ್ಟು ಆಯ್ತು, ಹಂಚಿಕೆಯೂ ಸುಧಾರಿಸಿತು.

ಪ್ಯಾಕ್_ಬೇ
ವಿಮಾನದಲ್ಲಿ ಅಷ್ಟು ಸುಲಭ ಅಲ್ಲ. ಡಕ್ಟ್ ದಪ್ಪ ಮಾಡಿದರೆ ತೂಕ, ಜಾಗ, ಅದರ ಮೇಲಿನ ಉಷ್ಣ ಕವಚ, ಬ್ರಾಕೆಟ್, ಎಲ್ಲ ಬೆಳೀತಾ ಹೋಗುತ್ತೆ. ನಾನು ಈ ಪ್ಯಾಕ್‌ಗಳ ಕೆಲಸದಲ್ಲೇ ಇರೋನು. ನಮ್ಮ ಮೀಟಿಂಗ್‌ಗಳಲ್ಲಿ ಅರ್ಧ ಜಗಳ ಇದೇ: ಎಲ್ಲಿ ದಪ್ಪ ಮಾಡಬೇಕು, ಎಲ್ಲಿ ಬಿಟ್ಟರೂ ನಡೆಯುತ್ತೆ.

ಎಷ್ಟು ಪ್ಯಾಸ್ಕಲ್ ಹೋಯ್ತು ಅಂತ ನಾವು ನೋಡಲ್ಲ. ಅಲ್ಲಿದ್ದ ಒತ್ತಡದಲ್ಲಿ ಎಷ್ಟು ಪಾಲು ಹೋಯ್ತು ಅಂತ ನೋಡ್ತೀವಿ. ಎಂಜಿನ್ ಬ್ಲೀಡ್ ಗಾಳಿ, ಅಂದರೆ ಎಂಜಿನ್ ಕಂಪ್ರೆಸರ್‌ನಿಂದ ಕ್ಯಾಬಿನ್‌ಗಾಗಿ ತೆಗೆದ ಗಾಳಿ, 40 ಪಿಎಸ್‌ಐನಲ್ಲಿ (ಚದರ ಇಂಚಿಗೆ ಪೌಂಡ್) ಬರೋವಾಗ 1 ಪಿಎಸ್‌ಐ ಕಳೆದರೆ ಶೇ. 2.5. ಅದೇ 1 ಪಿಎಸ್‌ಐ ಅನ್ನು ಪ್ಯಾಕ್ ಒಳಗಿನ ಟರ್ಬೈನ್ (ಗಾಳಿ ಹಿಗ್ಗಿಸಿ ತಣ್ಣಗೆ ಮಾಡೋ ಚಕ್ರ) ದಾಟಿದ ಮೇಲೆ, ಕ್ಯಾಬಿನ್ ಒತ್ತಡದ ಹತ್ತಿರ 12ರಲ್ಲಿ ಕಳೆದರೆ ಶೇ. 8. ಟರ್ಬೈನ್ ತಂಪು ಹುಟ್ಟಿಸೋದು ಒತ್ತಡದ ಅನುಪಾತದಿಂದ. ಹಿಂದಿನ ಕಡೆ ಅಡ್ಡಿ ಇದ್ದರೆ ಟರ್ಬೈನ್ ಅಷ್ಟು ಹಿಗ್ಗಿಸೋಕೆ ಆಗಲ್ಲ, ಗಾಳಿ ಅಷ್ಟು ತಣ್ಣಗಾಗಲ್ಲ. ಹಾಗಾಗಿ ಟರ್ಬೈನ್‌ನಿಂದ ಕ್ಯಾಬಿನ್‌ಗೆ ಹೋಗೋ ತಣ್ಣನೆ ಡಕ್ಟ್ ದಪ್ಪ, ಎಂಜಿನ್ ಕಡೆಯ ಬಿಸಿ ಡಕ್ಟ್ ಸಣ್ಣ. ದುರ್ಬೀನು ಹಾಕಿ ನೋಡಬೇಕಿಲ್ಲ, ಯಾವ ಪ್ಯಾಕ್‌ನ ಚಿತ್ರ ನೋಡಿದರೂ ಕಾಣುತ್ತೆ.

ಮ್ಯಾಕ್ ಸಂಖ್ಯೆಯಲ್ಲಿ (ಶಬ್ದದ ವೇಗದ ಎಷ್ಟು ಪಾಲು ಅನ್ನೋದು) ಹೇಳಿದರೆ ಇನ್ನೂ ಸ್ಪಷ್ಟ. ನಷ್ಟದ ಗುಣಾಂಕ 1 ಇರೋ ಒಂದು ಬೆಂಡ್, ಮ್ಯಾಕ್ 0.2ರಲ್ಲಿ ಸುಮಾರು ಶೇ. 2.8 ತಿನ್ನುತ್ತೆ. ಮ್ಯಾಕ್ 0.4ರಲ್ಲಿ ಶೇ. 11.

ಕಾಫಿಪುಡಿ
ಗಾಳಿ ಕಡಿಮೆ ಕಳಿಸಿದರೆ ವೇಗವೂ ಕಡಿಮೆ, ನಷ್ಟವೂ ಕಡಿಮೆ. ಪ್ರಯಾಣಿಕರು ಸ್ವಲ್ಪ ಉಸಿರು ಬಿಗಿ ಹಿಡಿಯಲಿ.

ಪ್ಯಾಕ್_ಬೇ
ತಮಾಷೆಗೆ ಹೇಳಿದರೂ, ಅದಕ್ಕೂ ಕಾನೂನಿದೆ. ಅಮೆರಿಕದ ನಿಯಮದಲ್ಲಿ ಒಬ್ಬರಿಗೆ ನಿಮಿಷಕ್ಕೆ 0.55 ಪೌಂಡ್, ಅಂದರೆ 250 ಗ್ರಾಂ ಹೊಸ ಗಾಳಿ ಸಿಗೋ ಹಾಗೆ ವಿನ್ಯಾಸ ಇರಬೇಕು. ಅದಕ್ಕಿಂತ ಕೆಳಗೆ ಹೋಗೋ ಹಾಗಿಲ್ಲ.

ಮಸ್ಟಾಂಗ್‌ಮರುಳ
ಇಷ್ಟು ಹೊತ್ತು ಯಾರೂ ಮೆರಿಡಿತ್ ಹೆಸರು ಎತ್ತಲಿಲ್ಲ! ಇಂಗ್ಲೆಂಡಿನ ಫಾರ್ನ್‌ಬರೋದಲ್ಲಿದ್ದ ಎಫ್. ಡಬ್ಲ್ಯು. ಮೆರಿಡಿತ್ 1930ರ ದಶಕದ ನಡುವಿನಲ್ಲೇ ತೋರಿಸಿಕೊಟ್ಟಿದ್ದು ಇದನ್ನೇ. ರೇಡಿಯೇಟರ್ ಅನ್ನು ಗಾಳಿಗೆ ಒಡ್ಡಬೇಡಿ. ಡಕ್ಟ್ ಒಳಗೆ ಇಡಿ, ಮುಂದೆ ಹಿಗ್ಗಿಸಿ ಗಾಳಿಯನ್ನು ನಿಧಾನ ಮಾಡಿ, ರೇಡಿಯೇಟರ್ ದಾಟಲಿ, ಬಿಸಿಯಾದ ಗಾಳಿಯನ್ನು ಹಿಂದೆ ಕಿರಿದಾದ ಬಾಯಿಂದ ಬಿಡಿ. ರೇಡಿಯೇಟರ್‌ನಿಂದಲೇ ಥ್ರಸ್ಟ್, ಅಂದರೆ ಮುಂದೂಡೋ ಬಲ! ಎರಡನೇ ಮಹಾಯುದ್ಧದ ಅಮೆರಿಕದ ಫೈಟರ್ ಪಿ-51 ಮಸ್ಟಾಂಗ್ ಅಷ್ಟು ವೇಗ ಹೋಗಿದ್ದೇ ಇದರಿಂದ.

ಹಳೇಬ್ಲೋವರ್
ಥ್ರಸ್ಟ್ ಅಂತ ಎಲ್ಲರೂ ಹೇಳ್ತಾರೆ, ಸ್ವಲ್ಪ ಹಿಡಿತದಲ್ಲಿ ಹೇಳಿ. ಬಿಸಿ ಗಾಳಿಯ ದೂಡುವಿಕೆ ರೇಡಿಯೇಟರ್‌ನ ಎಳೆತದ ಬಹುಪಾಲನ್ನು ಹೊಡೆದುಹಾಕಿತು ಅನ್ನೋದು ನಿಜ. ಕಳೆದು ಕೂಡಿ ಕೊನೆಗೆ ವಿಮಾನವನ್ನೇ ಮುಂದಕ್ಕೆ ದೂಡಿತು ಅನ್ನೋದರ ಬಗ್ಗೆ ಇವತ್ತಿಗೂ ವಾದ ಇದೆ. ಸ್ಪಿಟ್‌ಫೈರ್‌ಗೂ ಅದೇ ತತ್ವದ ಡಕ್ಟ್ ಇತ್ತು, ಅಲ್ಲಿ ಲಾಭ ಅಷ್ಟು ಸಿಗಲಿಲ್ಲ. ತತ್ವ ಒಂದೇ, ಡಕ್ಟ್ ಬೇರೆ.

ಮಸ್ಟಾಂಗ್‌ಮರುಳ
ಒಪ್ಪಲ್ಲ ಸಾರ್. ಎಳೆತ ಕಡಿಮೆ ಆಗೋದೂ ಥ್ರಸ್ಟ್ ಬರೋದೂ ಪೈಲಟ್‌ಗೆ ಒಂದೇ. ಸ್ಪೀಡೋಮೀಟರ್ ಕೂಡೋದು ಕಳೆಯೋದು ಕೇಳಲ್ಲ.

ಸಿಎಫ್‌ಡಿ_ಶಾರದೆ
ಈ ಹುಡುಗನಿಗೆ ಮಸ್ಟಾಂಗ್‌ನಿಂದ ಬೇಕಾದ ಪಾಠ ಥ್ರಸ್ಟ್ ಅಲ್ಲ, ಬಾಯಿ. ಹೊಟ್ಟೆಗೆ ಅಂಟಿಕೊಂಡು ಬರೋ ಸುಸ್ತಾದ ಗಾಳಿಪದರ ಡಕ್ಟ್ ಒಳಗೆ ಹೋದರೆ ಡಿಫ್ಯೂಸರ್‌ನಲ್ಲಿ ಬೇಗ ಗೋಡೆ ಬಿಡುತ್ತೆ. ಪಿ-51ಬಿಯಲ್ಲಿ ಹಾಗೆ ಆಗಿ ಡಕ್ಟ್ ಗುಡುಗುಟ್ಟುತ್ತಿತ್ತು. ಅಮೆರಿಕದ ವಿಮಾನ ಸಂಶೋಧನಾ ಸಂಸ್ಥೆ ನಾಕಾದ ಏಮ್ಸ್ ಗಾಳಿ ಸುರಂಗದಲ್ಲಿ ಪರೀಕ್ಷೆ ಮಾಡಿ, ಬಾಯಿಯ ತುಟಿಯನ್ನು ಹೊಟ್ಟೆಯಿಂದ ಕೆಳಗೆ ಸರಿಸಿ, ಆ ಪದರ ಪಕ್ಕದಿಂದ ಜಾರಿ ಹೋಗೋಕೆ ಸಂದು ಬಿಟ್ಟರು. ಈಗಿನ ಫೈಟರ್‌ಗಳ ಇಂಟೇಕ್ ಮತ್ತು ಮೈ ನಡುವೆ ಕಾಣೋ ಸಂದಿನ ಕೆಲಸವೂ ಅದೇ.

ಇನ್ನೊಂದು ಮಾತು. "ವೇಗ ಅರ್ಧ ಮಾಡಿದರೆ ನಷ್ಟ ಕಾಲು" ಅಂತ ಎಲ್ಲಾ ಕಡೆ ಬರೀತಾರೆ. ಬೆಂಡ್, ಬಾಯಿ, ಹಿಗ್ಗುವಿಕೆಗೆ ಅದು ಸರಿ. ಫಿನ್ ಸಂದಿಯೊಳಗೆ ದಾರಿ ಎಷ್ಟು ಸಣ್ಣ ಅಂದರೆ ರೆನಾಲ್ಡ್ಸ್ ಸಂಖ್ಯೆ (ಹರಿವು ಶಾಂತವೋ ಸುಳಿಸುಳಿಯೋ ಅಂತ ಹೇಳೋ ಅಂಕಿ) ಹಲವು ಸಲ ಕೆಲವು ನೂರರಿಂದ ಒಂದೆರಡು ಸಾವಿರದಲ್ಲೇ ಇರುತ್ತೆ. ಅಲ್ಲಿ ಹರಿವು ಶಾಂತ, ನಷ್ಟ ವೇಗದ ಜೊತೆ ಹೆಚ್ಚುಕಮ್ಮಿ ನೇರವಾಗಿ ಇಳಿಯುತ್ತೆ. ವೇಗ ಅರ್ಧ ಮಾಡಿದರೆ ನಷ್ಟ ಅರ್ಧದ ಹತ್ತಿರ ಅಷ್ಟೇ, ಕಾಲು ಅಲ್ಲ. ತುಂಡು ತುಂಡಾಗಿ ಸರಿಸಿಟ್ಟ ಫಿನ್ ಆದರೆ ಎರಡರ ನಡುವೆ ಎಲ್ಲೋ ಬೀಳುತ್ತೆ.

ಶಾರ್ಜಾಸಂಜೆ
ನಾನು ಮಂಗಳೂರಿನವ, ಇಲ್ಲಿ ಗಲ್ಫ್‌ನಲ್ಲಿ ಲೈನ್ ಮೆಂಟೆನೆನ್ಸ್. ನಿಮ್ಮ ಲೆಕ್ಕ ಎಲ್ಲ ಚಂದ ಉಂಟು ಮಾರ್ರೆ, ಆದರೆ ಅದು ಹೊಸ ಕೋರಿಗೆ. ಎರಡು ಬೇಸಗೆ ಕಳೆದ ಕೋರ್ ತೆಗೆದು ನೋಡಿ ಒಮ್ಮೆ. ಮುಖದ ಮೇಲೆ ಮರಳು, ನೂಲು, ಸತ್ತ ಹುಳ, ಎಲ್ಲ ಸೇರಿ ಕಂಬಳಿ ಹೊದ್ದ ಹಾಗೆ ಇರ್ತದೆ. ನೆಲದ ಮೇಲೆ ರ‍್ಯಾಮ್ ಒತ್ತಡ ಎಲ್ಲಿಂದ ಬರಬೇಕು? ಪ್ಯಾಕ್‌ನ ಫ್ಯಾನೇ ಎಳೀಬೇಕು. ಮಧ್ಯಾಹ್ನ 45 ಡಿಗ್ರಿ, ಕೋರ್ ಮುಚ್ಚಿದೆ, ಪ್ಯಾಕ್ ಓವರ್‌ಹೀಟ್ ಆಗಿ ಟ್ರಿಪ್. ಬೋರ್ಡಿಂಗ್ ಆದ ಜನರ ಬೈಗುಳ ನಮಗೆ.

ಮತ್ತೆ, ಟರ್ಬೈನಿಗೆ ಮೊದಲು ಪ್ರತ್ಯೇಕ ಮಾಡಿದ ನೀರನ್ನು ರ‍್ಯಾಮ್ ದಾರಿಗೆ ಸಿಂಪಡಿಸ್ತಾರಲ್ಲ, ಆವಿಯಾಗಿ ಇನ್ನಷ್ಟು ತಂಪಾಗಲಿ ಅಂತ. ಒಳ್ಳೇದೇ. ಆದರೆ ದೂಳಿನ ಊರಲ್ಲಿ ಅದೇ ನೀರು ದೂಳನ್ನು ಕೆಸರು ಮಾಡಿ ಅಂಟಿಸ್ತದೆ.

ಒಂದು ಕಡೆ ಗುತ್ತಿಗೆಯವರು ಮುಂದಿನಿಂದಲೇ ಪ್ರೆಶರ್ ವಾಷರ್ ಹೊಡೆದು "ತೊಳೆದಾಯ್ತು" ಅಂದ್ರು. ಕಸ ಒಳಗೆ ಇನ್ನೂ ಗಟ್ಟಿ ಕೂತಿತು, ಫಿನ್ ತುದಿಯೂ ಬಗ್ಗಿತು. ಹಿಂದಿನಿಂದ ಮುಂದಕ್ಕೆ, ಮೆಲ್ಲಗೆ ತೊಳೀಬೇಕು. ದಟ್ಟ ಫಿನ್ ಆದಷ್ಟೂ ಬೇಗ ಕಟ್ಟಿಕೊಳ್ತದೆ, ಆ ಲೆಕ್ಕದಲ್ಲಿ ನಿಮ್ಮ ಗೈಡ್ ಹೇಳಿದ್ದರಲ್ಲಿ ಕಾಲುಭಾಗ ಸತ್ಯ ಉಂಟು ನೋಡಿ.

ಕಾಫಿಪುಡಿ
ಗೈಡ್‌ಗೆ ಕಾಲು ಅಂಕ ಕೊಟ್ಟ ಮೊದಲ ಮನುಷ್ಯ.

ಗಗನಸಖ
ಇದೆಲ್ಲ ಹಳೇ ಕಥೆ. ಬೋಯಿಂಗ್ 787ರಲ್ಲಿ ಬ್ಲೀಡೇ ಇಲ್ಲ, ಎಲ್ಲಾ ಎಲೆಕ್ಟ್ರಿಕ್. ನಷ್ಟದ ತಲೆನೋವೇ ಹೋಯ್ತು.

ಪ್ಯಾಕ್_ಬೇ
ತಲೆನೋವು ಹೋಗಿಲ್ಲ, ಮನೆ ಬದಲಿಸಿದೆ. ಮೊದಲನೇದಾಗಿ 787ರಲ್ಲೂ ಎಂಜಿನ್ ಬಾಯಿಗೆ ಮಂಜು ಕಟ್ಟದಿರಲು ಬ್ಲೀಡ್ ಗಾಳಿಯನ್ನೇ ಬಳಸ್ತಾರೆ. ಕ್ಯಾಬಿನ್‌ಗೆ ಮಾತ್ರ ಹೊರಗಿನಿಂದ ಗಾಳಿ ಹೀರಿ, ಮೋಟಾರ್ ತಿರುಗಿಸೋ 4 ಕಂಪ್ರೆಸರ್‌ಗಳಲ್ಲಿ ಒತ್ತಿ ಕಳಿಸ್ತಾರೆ. ಹೀಟ್ ಎಕ್ಸ್‌ಚೇಂಜರ್, ರ‍್ಯಾಮ್ ಡಕ್ಟ್ ಎಲ್ಲ ಇದ್ದೇ ಇವೆ.

ಅಲ್ಲಿ ಬಾಯಿಯ ನಷ್ಟ ಎಷ್ಟು ದುಬಾರಿ ನೋಡಿ. 40,000 ಅಡಿಯಲ್ಲಿ ಹೊರಗಿನ ಒತ್ತಡ 2.7 ಪಿಎಸ್‌ಐ. 787ರ ಕ್ಯಾಬಿನ್ 6000 ಅಡಿಯ ಮಟ್ಟದಲ್ಲಿ ಇರಬೇಕು, ಅಂದರೆ 11.8. ಅನುಪಾತ 4.3. ಮ್ಯಾಕ್ 0.85ರಲ್ಲಿ ನುಗ್ಗೋ ಗಾಳಿಯನ್ನು ನಷ್ಟವಿಲ್ಲದೆ ನಿಧಾನ ಮಾಡಿದರೆ ಆ ವೇಗವೇ ಒತ್ತಡವಾಗಿ 2.7 ಅನ್ನೋದು 4.3 ಪಿಎಸ್‌ಐ ಆಗುತ್ತೆ, ಕಂಪ್ರೆಸರ್ ಮಾಡಬೇಕಾದ ಅನುಪಾತ 2.7ಕ್ಕೆ ಇಳಿಯುತ್ತೆ. ಮಧ್ಯದ ಡಕ್ಟ್ ನಷ್ಟ ಬೇರೆ ಸೇರಿಸಿಕೊಳ್ಳಿ. ಬಾಯಿ ಕೆಟ್ಟದಾಗಿ ಕೂತಿದ್ದರೆ ಉಚಿತವಾಗಿ ಸಿಗಬೇಕಿದ್ದ ಒತ್ತಡಕ್ಕೆ ಮೋಟಾರ್‌ನಲ್ಲಿ ಕರೆಂಟ್ ಸುಡಬೇಕು.

ಗಗನಸಖ
ಆದರೂ ಬ್ಲೀಡ್‌ಗಿಂತ ವಾಸಿ ತಾನೇ? ಎಂಜಿನ್ ಕಷ್ಟಪಟ್ಟು ಒತ್ತಿದ ಗಾಳಿ ತಂದು ಕವಾಟದಲ್ಲಿ ಒತ್ತಡ ಕೊಲ್ಲೋದು ಯಾವ ಬುದ್ಧಿವಂತಿಕೆ?

ಪ್ಯಾಕ್_ಬೇ
ಈ ಪ್ರಶ್ನೆ ಚೆನ್ನಾಗಿದೆ, ಇದರೊಳಗೇ ನಮ್ಮ ಕೆಲಸದ ಗುಟ್ಟಿದೆ.

ಟೇಕಾಫ್‌ನಲ್ಲಿ ಎಂಜಿನ್ ಕಂಪ್ರೆಸರ್ ಬೇಕಾದ್ದಕ್ಕಿಂತ ಎಷ್ಟೋ ಹೆಚ್ಚು ಒತ್ತಡ ಕೊಡುತ್ತೆ. ನಿಯಂತ್ರಣ ಕವಾಟ ಅದನ್ನು 40-45 ಪಿಎಸ್‌ಐಗೆ ತಗ್ಗಿಸುತ್ತೆ. ಆಗ ಕವಾಟಕ್ಕೆ ಮೊದಲಿನ ಡಕ್ಟ್‌ನಲ್ಲಿ 3 ಪಿಎಸ್‌ಐ ಕಳೆದುಹೋದರೂ ಯಾರಿಗೂ ನೋವಿಲ್ಲ, ಹೇಗಿದ್ದರೂ ಕವಾಟ ಅದನ್ನು ಕೊಲ್ಲೋದೇ. ಹಾಗಂತ ಆ ಡಕ್ಟ್ ಬಗ್ಗೆ ನಿರ್ಲಕ್ಷ್ಯ ಮಾಡಿದಿರೋ, ಇಳಿಯುವಾಗ ಸಿಕ್ಕಿಬೀಳ್ತೀರಿ. ಇಳಿಯುವಾಗ ಎಂಜಿನ್ ಐಡಲ್‌ನಲ್ಲಿರುತ್ತೆ, ಮಧ್ಯದ ಹಂತದ ಒತ್ತಡ ಸಾಲಲ್ಲ. ಆಗ ಕಂಪ್ರೆಸರ್‌ನ ಕೊನೇ ಕಡೆಯ ಹಂತದ ಕವಾಟ ತೆರೆಯುತ್ತೆ. ಅಲ್ಲಿನ ಗಾಳಿ ಒತ್ತೋಕೆ ಹೆಚ್ಚು ಇಂಧನ ಸುಟ್ಟಿರುತ್ತೆ, ಬಿಸಿಯೂ ಹೆಚ್ಚು, ಅದನ್ನು ಮೊದಲೇ ತಣಿಸೋ ಪ್ರೀಕೂಲರ್‌ಗೂ ಹೊರೆ. ಡಕ್ಟ್‌ನಲ್ಲಿ 1-2 ಪಿಎಸ್‌ಐ ಉಳಿಸಿದರೆ ಇನ್ನಷ್ಟು ಹೊತ್ತು ಮಧ್ಯದ ಹಂತದಲ್ಲೇ ಇರಬಹುದು.

ಅಂದರೆ ಒಂದೇ ಡಕ್ಟ್, ಒಂದೇ ಬೆಂಡ್. ಟೇಕಾಫ್‌ನಲ್ಲಿ ಅದರ ಬೆಲೆ ಸೊನ್ನೆ, ಐಡಲ್ ಇಳಿತದಲ್ಲಿ ಚಿನ್ನ. "ನಷ್ಟ ಶೇ. 20 ಇಳಿಸಿದೆವು" ಅಂತ ವರದಿ ಬರೆಯೋರನ್ನು ನಾನು ಮೊದಲು ಕೇಳೋದು, ಯಾವ ಹಂತದಲ್ಲಿ ಇಳಿಸಿದಿರಿ ಅಂತ.

ಶಾರ್ಜಾಸಂಜೆ
ಹೋಲ್ಡಿಂಗ್‌ನಲ್ಲಿ, ಇಳಿಯಲು ಕಾಯ್ತಾ ಸುತ್ತು ಹೊಡೆಯುವಾಗ ಸಹ ಅದೇ ಕತೆ ಅಲ್ವಾ?

ಪ್ಯಾಕ್_ಬೇ
ಹೌದು, ಮಂಜುಗಟ್ಟೋ ಮೋಡದಲ್ಲಿ ಹೋಲ್ಡಿಂಗ್ ಇನ್ನೂ ಕಷ್ಟ. ಮಂಜು ಕಟ್ಟದಿರಲು ರೆಕ್ಕೆಗೂ ಬಿಸಿ ಗಾಳಿ ಬೇಕು, ಕ್ಯಾಬಿನ್‌ಗೂ ಬೇಕು.

ಮಲೆನಾಡ_ಗ್ಲೈಡರ್
ಹೀಟ್ ಎಕ್ಸ್‌ಚೇಂಜರ್‌ನ ಮುಖ ಅಂದಾಗ ನೆನಪಾಯ್ತು. 2008ರ ಜನವರಿ 17, ಬೀಜಿಂಗ್‌ನಿಂದ ಬಂದ ಬೋಯಿಂಗ್ 777 ಹೀಥ್ರೋ ರನ್‌ವೇಗೆ ಮೊದಲೇ ನೆಲಕ್ಕೆ ಬಿತ್ತು. 152 ಜನ ಇದ್ದರು, ಯಾರೂ ಸಾಯಲಿಲ್ಲ. ಇಂಧನ ಕೊಳವೆಯಲ್ಲಿ ಕಟ್ಟಿದ್ದ ಮಂಜು ಕಳಚಿ ಬಂದು, ಇಂಧನ-ಎಣ್ಣೆ ಹೀಟ್ ಎಕ್ಸ್‌ಚೇಂಜರ್‌ನ ಮುಖದಲ್ಲಿ ಸಿಕ್ಕಿಕೊಂಡಿತು, ಎರಡೂ ಎಂಜಿನ್‌ಗೆ ಇಂಧನ ಸಾಲಲಿಲ್ಲ. ಆ ಮುಖದಲ್ಲಿ ಸಣ್ಣ ಕೊಳವೆಗಳ ತುದಿ ಸ್ವಲ್ಪ ಹೊರಗೆ ಚಾಚಿಕೊಂಡಿತ್ತು. ಆಮೇಲೆ ಮುಖವನ್ನು ಚಪ್ಪಟೆ ಮಾಡಿದರು. ಇಷ್ಟೇ ಬದಲಾವಣೆ.

ಹುಬ್ಬಳ್ಳಿ_ಫಿಟ್ಟರ್
ನೋಡ್ರಿ! ಪೈಪ್ ತುದಿ ಹೊರಗ ಬಿಡಬ್ಯಾಡ್ರಿ ಅಂತ ನಮ್ಮ ಹುಡುಗರಿಗೆ ದಿನಾ ಬೈತೀನಿ.

ಮಾರುತಭಕ್ತ
ಒತ್ತಡ, ಎಂಜಿನ್ ಅಂದರೆ ನನಗೆ ನಮ್ಮ ಎಚ್‌ಎಎಲ್ ಮಾರುತ ಯುದ್ಧವಿಮಾನವೇ ನೆನಪು. 1961ರ ಜೂನ್ 17, ಬೆಂಗಳೂರಿನಲ್ಲಿ ಮೊದಲ ಹಾರಾಟ, ಕುರ್ಟ್ ಟ್ಯಾಂಕ್ ವಿನ್ಯಾಸ. ಮೈಕಟ್ಟು ಶಬ್ದದ ವೇಗ ದಾಟೋಕೆ ತಯಾರು, ಎಂಜಿನ್ ಮಾತ್ರ ಆರ್ಫಿಯಸ್ 703. ತಕ್ಕ ಎಂಜಿನ್ ಸಿಕ್ಕಿದ್ದರೆ...

ನಿರ್ವಾಹಕ
ಮಾರುತಕ್ಕೆ ಬೇರೆ ಎಳೆ ಇದೆ, ದಯವಿಟ್ಟು ಅಲ್ಲಿ. ಆ ಎಳೆ ಒಮ್ಮೆ ಶುರುವಾದರೆ ಈ ಹುಡುಗನ ಪ್ರಾಜೆಕ್ಟ್ ಸಬ್‌ಮಿಶನ್ ಮುಗಿದೇ ಹೋಗುತ್ತೆ.

ಗಗನಸಖ
3ಡಿ ಪ್ರಿಂಟ್ ಮಾಡಿ ಬೇಕಾದ ಆಕಾರದ ಕೋರ್ ಮಾಡಬಹುದಲ್ವಾ ಈಗ? ಹೆಡರ್, ಕೋರ್ ಎಲ್ಲ ಒಂದೇ ತುಂಡು, ಬೆಂಡೇ ಇಲ್ಲ.

ಸಿಎಫ್‌ಡಿ_ಶಾರದೆ
ಮಾಡಬಹುದು, ಮಾಡ್ತಾನೂ ಇದ್ದಾರೆ. ಹೆಡರ್ ಆಕಾರದಲ್ಲಿ ಲಾಭ ನಿಜ. ಆದರೆ ಲೋಹದ ಪುಡಿ ಕರಗಿಸಿ ಮಾಡಿದ ಮೇಲ್ಮೈ ಒರಟು. ಸಣ್ಣ ಸಂದಿಯೊಳಗೆ ಕೈ ಹಾಕಿ ಉಜ್ಜೋಕಾಗಲ್ಲ, ಅಂಟಿದ ಪುಡಿ ಪೂರ್ತಿ ಬರಲ್ಲ. ಸಿಎಫ್‌ಡಿಯಲ್ಲಿ (ಕಂಪ್ಯೂಟರ್‌ನಲ್ಲಿ ಹರಿವಿನ ಲೆಕ್ಕ) ನುಣ್ಣಗಿನ ಗೋಡೆ ಇಟ್ಟು ಬಂದ ನಷ್ಟ, ಪ್ರಿಂಟ್ ಆದ ತುಂಡಿನಲ್ಲಿ ಬರೋ ನಷ್ಟ, ಎರಡಕ್ಕೂ ತಾಳೆ ಆಗಲ್ಲ. ಶಾರ್ಜಾ ಅವರ ದೂಳನ್ನು ಅದರೊಳಗಿಂದ ತೆಗೆಯೋದು ಹೇಗೆ ಅನ್ನೋದು ಇನ್ನೊಂದು ಪ್ರಶ್ನೆ.

ಶಾರ್ಜಾಸಂಜೆ
ಅದನ್ನು ನಮ್ಮ ಕೈಗೆ ಕೊಡಬೇಡಿ ಮಾತ್ರ.

ಕೊನೇಬೆಂಚು_ಏರೋ
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಮ್ಮ ಪ್ಲಾನ್ ಹೀಗಿದೆ: ಕೋರ್ ಮುಟ್ಟಲ್ಲ. ಮೊದಲು ಬೆಂಡ್ ಎರಡೂ ಬದಲಿಸಿ ಅಳೀತೀವಿ. ಆಮೇಲೆ 100ರ ಪೈಪು, ಕೊನೆಗೆ ಜಾಲರಿ ಹಾಕಿದ ಚಿಕ್ಕ ಡಿಫ್ಯೂಸರ್. ಒಂದೊಂದನ್ನೂ ಬೇರೆ ಬೇರೆ ಅಳೆದು ಗೈಡ್ ಮುಂದೆ ಇಟ್ಟರೆ ಅವರೂ ಒಪ್ತಾರೆ ಅನ್ನೋ ನಂಬಿಕೆ. ಕೋರ್‌ನ ಹಂಚಿಕೆ ನೋಡೋಕೆ ಹಿಂಬದಿಯಲ್ಲಿ ಪಿಟೋ ಟ್ಯೂಬ್ (ವೇಗದ ಒತ್ತಡ ಅಳೆಯೋ ಕೊಳವೆ) ಓಡಿಸಬಹುದಾ?

ಹಳೇಬ್ಲೋವರ್
ಓಡಿಸಿ, ಆದರೆ ಕೋರ್ ಮುಖದ ಬಳಿ ವೇಗ ಸೆಕೆಂಡಿಗೆ 4-5 ಮೀಟರ್ ಅಷ್ಟೇ ಇರುತ್ತೆ, ವೇಗದ ಒತ್ತಡ 10-15 ಪ್ಯಾಸ್ಕಲ್. ಕಾಲೇಜಿನ ನೀರಿನ ಮ್ಯಾನೋಮೀಟರ್‌ನಲ್ಲಿ ಅದು 1-1.5 ಎಂಎಂ ಅಷ್ಟೇ ಏಳುತ್ತೆ, ಓದೋದು ಕಷ್ಟ. ಕೈಯಲ್ಲಿ ಹಿಡಿಯೋ ಹಾಟ್ ವೈರ್ ಅನಿಮೋಮೀಟರ್ (ಬಿಸಿ ತಂತಿಯಿಂದ ಗಾಳಿ ವೇಗ ಅಳೆಯೋ ಸಾಧನ) ಸಿಗುತ್ತಾ ವಿಚಾರಿಸಿ. ಒಟ್ಟು ನಷ್ಟ ಅಳೆಯೋ ರಂಧ್ರವನ್ನು ಬೆಂಡ್ ಆದ ತಕ್ಷಣ ಕೊರೆಯಬೇಡಿ, ಕನಿಷ್ಠ 10 ವ್ಯಾಸದಷ್ಟು ನೇರ ಪೈಪು ಬಿಟ್ಟು ಕೊರೆಯಿರಿ.

ಸಿಎಫ್‌ಡಿ_ಶಾರದೆ
ಪೈಪು ಬದಲಿಸಿದಾಗ ಬ್ಲೋವರ್ ತಾನಾಗೇ ಹೆಚ್ಚು ಗಾಳಿ ತಳ್ಳುತ್ತೆ. ಪ್ರತಿ ಸಲ ಹರಿವನ್ನು ಹಳೇ ಮಟ್ಟಕ್ಕೇ ತಂದು ಅಳೆಯಿರಿ, ಇಲ್ಲದಿದ್ದರೆ ಹೋಲಿಕೆಗೆ ಅರ್ಥ ಇರಲ್ಲ.

ಹುಬ್ಬಳ್ಳಿ_ಫಿಟ್ಟರ್
ಬೆಂಡ್ ಎಲ್ಲೆ ಮಾಡಸ್ತೀ? ಊರು ಯಾವ್ದು ಹೇಳು, ಗುರ್ತಿನವ್ರು ಇದ್ರ ಹೇಳ್ತೀನಿ. ಆ ವರ್ಕ್‌ಶಾಪಿಗೆ ಮಾತ್ರ ಮತ್ತ ಹೋಗಬ್ಯಾಡ.